ಹಳದಿ ಗೆರೆ

ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುವ ಬೈರೇಶ, ಮಗಳು ಅಂಬೆಗಾಲಿಟ್ಟ ದಿನದಿಂದ ಮನೆಯನ್ನೂ ಕಾರ್ಖಾನೆ ಮಾಡಿಕೊಂಡಿದ್ದಾನೆ. ಶಿಫ್ಟ್ ಮುಗಿಸಿ ಬಂದವನೇ ತಾನೂ ಅಂಬೆಗಾಲಿಕ್ಕಿ, ಮಗುವಿನ ಎತ್ತರದಿಂದ ಮನೆಯೆಲ್ಲ ತಪಾಸಣೆ ಮಾಡುತ್ತಾನೆ. ಪ್ಲಗ್ಗಿನ ತೂತುಗಳಿಗೆ ಟೇಪು ಬಿದ್ದಿದೆ, ಮೇಜಿನ ಕಾಲುಗಳು ಹಳೆಯ ಸಾಕ್ಸ್ ತೊಟ್ಟಿವೆ, ಉಪ್ಪಿನ ಡಬ್ಬಿ ಕೂಡ ಅಟ್ಟ ಸೇರಿದೆ. ಕಾರ್ಖಾನೆಯಲ್ಲಿ ಮೆಷಿನ್ನುಗಳ ಸುತ್ತ ಇರುವಂತೆ, ಅಡುಗೆಮನೆಯ ಬಾಗಿಲಲ್ಲೂ ದಾಟಬಾರದ ಹಳದಿ ಪೇಂಟಿನ ಗೆರೆ ಎಳೆದಿದ್ದಾನೆ. ಮಗಳು ಅದನ್ನು ದಿನವಿಡೀ ದಾಟುತ್ತಾಳೆ. ಅವನು ಮಾತ್ರ ಈಚೆಯೇ ನಿಂತು ಕಾಫಿ ಕೇಳುತ್ತಾನೆ. "ಗೆರೆ ಅಂದ್ರೆ ಮಗೂಗೇನ್ ಗೊತ್ತು, ಒಳಗ್ ಬನ್ರೀ," ಎಂದು ಹೆಂಡತಿ ಶಶಿರೇಖಾ ನಗುತ್ತಾಳೆ. "ನಾನ್ ನಿಂತ್ರೆ ನೋಡಿ ಕಲೀತಾಳೆ ಕಣೇ," ಎನ್ನುತ್ತಾನೆ. ಈಗ ಮಗಳು ನಡೆಯಲು ಕಲಿಯುತ್ತಿದ್ದಾಳೆ. ಅವನು ಬಲಗೈ ಚಾಚಿದರೂ ಅವಳು ಹುಡುಕುವುದು ಎಡಗೈಯನ್ನೇ. ಹಿಂದೊಮ್ಮೆ ಮೆಷಿನ್ನು ಅರ್ಧ ಕಿತ್ತುಕೊಂಡ ಆ ಕೈಯ ಮೋಟುಬೆರಳು ಅವಳ ಮುಷ್ಟಿಯಲ್ಲಿ ಸರಿಯಾಗಿ ಕೂರುತ್ತದೆ.