ಹಮೀದನ ತಲೆದೆಸೆಗೆ ಒಂದು ಹಾಲುವಾಣದ ಕೊಂಬೆ

ಇಲ್ಲ... ಇದು ಸುಳ್ಳಿರಬೇಕು.
ನಿನ್ನೆ ಸಂಜೆ ವಾಟ್ಸಾಪ್‌ನಲ್ಲಿ ನನ್ನನ್ನು ಬೈದವನು
ಇವತ್ತು ಬೆಳಿಗ್ಗೆ ಇಲ್ಲ ಅಂದರೆ ಹೇಗೆ ನಂಬಲಿ?

ಸಕಲೇಶಪುರದ ಹಮೀದ... ನನ್ನ ಹಮೀದ...
ಹೋಗಿಬಿಟ್ಟ.

ಅವನ ಮಗ ರಫೀಕ್ ಫೋನ್ ಮಾಡಿದ. "ಮಾಮ, ಅಪ್ಪ ಹೋಗ್ಬುಟ್ರು. ಮಧ್ಯಾಹ್ನನೇ ಮಣ್ಣು ಮಾಡ್ತೀವಿ. ಬರಕ್ಕಾಗತ್ತಾ?"

ಹೇಗೆ ಹೋಗಲಿ?
ಕಣ್ಣಿನ ಆಪರೇಷನ್‌ಗೆಂದು ಘಟ್ಟ ಇಳಿದು ಮಂಗಳೂರಿನ ಮಗಳ ಮನೆಗೆ ಬಂದವನು ನಾನು.
ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್.
ಬಸ್ ಇಲ್ಲ, ಕಾರಿನವರು ಒಪ್ಪುತ್ತಿಲ್ಲ...
ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದೆ. ಅಷ್ಟೇ ನನ್ನ ಕೈಲಾದದ್ದು.

ನನ್ನ ಫೇಸ್‌ಬುಕ್ ಮಿತ್ರರಲ್ಲಿ ಬಹಳ ಮಂದಿಗೆ ಅವನು ಗೊತ್ತಿಲ್ಲ.
ಅದಕ್ಕೇ ಬರೆಯುತ್ತಿದ್ದೇನೆ... ಇನ್ನೇನು ಮಾಡಲಿ, ಕೈ ಸುಮ್ಮನಿರುತ್ತಿಲ್ಲ.

ಅರವತ್ತರ ದಶಕದ ಮಾತು. ನಾನು ಆಲೂರು ಕಡೆಯವನು. ಎಸ್ಟೇಟ್‌ನಲ್ಲಿ ಮರಗಸಿ ಕಲಿತಿದ್ದೆ, ಅಂದರೆ ಕಾಫಿಗೆ ನೆರಳು ಹದವಾಗುವಂತೆ ಮರದ ಕೊಂಬೆ ಕಡಿಯುವ ಕೆಲಸ.
ಹಮೀದ ಸಕಲೇಶಪುರ ಪೇಟೆಯವನು. ಲಾರಿ ಡ್ರೈವರ್ ಮಗ... ಲಾರಿ ಹತ್ತಿದರೆ ವಾಂತಿ!
ತೋಟಗಾರಿಕೆ ಇಲಾಖೆಯವರು ಇಬ್ಬರನ್ನೂ ದಿನಗೂಲಿಗೆ ಹಾಕಿಕೊಂಡರು. ಹೊಳೆ ಪಕ್ಕದ ಒಂದು ಸಣ್ಣ ಪಾರ್ಕು, ಬಾಳ್ಳುಪೇಟೆಯ ರಸ್ತೆ ಬದಿಯ ಗಿಡಗಳು... ನೀರು ಹಾಕುವುದು, ಕಳೆ ಕೀಳುವುದು, ದನ ಓಡಿಸುವುದು ನಮ್ಮ ಕೆಲಸ.

ಆ ದನಗಳೋ... ಊರಲ್ಲಿ ಅಷ್ಟು ಹುಲ್ಲಿದ್ದರೂ ಅವಕ್ಕೆ ನಾವು ನೆಟ್ಟ ಗಿಡವೇ ಆಗಬೇಕು.
ಬೇಲಿಗೆ ಬಿದಿರು ಕೇಳಿದೆವು. ಮೇಲಿನವರು ಕಿವಿಗೇ ಹಾಕಿಕೊಳ್ಳಲಿಲ್ಲ.
ಕೊನೆಗೆ ಎಸ್ಟೇಟ್‌ನಲ್ಲಿ ಕಡಿದ, ಕಾಫಿಗೆ ನೆರಳು ಕೊಡುವ ಹಾಲುವಾಣದ ಮರದ ಕೊಂಬೆ ತಂದು ಗಿಡದ ಸುತ್ತ ಗೂಟ ಹೊಡೆದೆವು. ಹಾಲುವಾಣ ಮಳೆಗೆ ಬೇರು ಬಿಡುತ್ತೆ, ಬೇಲಿ ಗಟ್ಟಿಯಾಗುತ್ತೆ ಅಂತ ನಮ್ಮ ಲೆಕ್ಕ.

ಮೊದಲ ದಿನವೇ ಹಮೀದ ಎಲ್ಲವನ್ನೂ ಉಲ್ಟಾ ಹೊಡೆದಿದ್ದ.
"ಲೇ, ತಲೆಕೆಳಗು ಹೊಡ್ದಿದೀಯ ಕಣೋ! ಬುಡ ಕೆಳಗಿರ್ಬೇಕು. ಇಲ್ದಿದ್ರೆ ಕೊಳ್ತು ಹೋಗತ್ತೆ."
"ಎರಡೂ ಕಡೆ ಒಂದೇ ಥರ ಐತಲ್ಲೋ ಮಾರಾಯ! ಬುಡ ಯಾವ್ದು ಅಂತ ಹೆಂಗೆ ಗೊತ್ತಾಗತ್ತೆ?"

ಹೇಳಿಕೊಟ್ಟೆ. ಕಡಿಯುವಾಗಲೇ ಬುಡಕ್ಕೆ ಓರೆಯಾಗಿ ಏಟು ಹಾಕು, ತುದಿಗೆ ನೇರ ಏಟು ಹಾಕು. ಆಮೇಲೆ ಗುರುತು ತಪ್ಪಲ್ಲ.
ಅವತ್ತಿನಿಂದ ಅವನ ಕಾಟ ಶುರು. ನಾನು ಗೂಟ ಎತ್ತಿಕೊಂಡರೆ ಸಾಕು, "ಬುಡ ನೋಡ್ಕೊಂಡ್ಯೇನೋ?" ಅನ್ನುತ್ತಿದ್ದ. ನನಗೇ!

ಆ ಮಳೆಗಾಲ ಮುಗಿದಾಗ...
ಗೂಟಗಳೆಲ್ಲ ಚಿಗುರಿ ಪೊದೆಯಾಗಿದ್ದವು. ಒಳಗಿದ್ದ ಗಿಡಗಳು ನೆರಳಿಗೆ ಸತ್ತಿದ್ದವು.
ಜೀಪಿನಲ್ಲಿ ಬಂದ ಆಫೀಸರು ಹಣುಕಿ ನೋಡಿ, "ಏನ್ರೀ ಇದು? ಗಿಡ ಎಲ್ಲಿ?" ಅಂದರು.
ಹಮೀದ ಕೈ ಕಟ್ಟಿಕೊಂಡು ಹೇಳಿದ, "ಗಿಡ ಹೋಯ್ತು ಸಾರ್. ಬೇಲಿ ಬದುಕೈತೆ."

ಎಲ್ಲ ಕಿತ್ತು ಹಾಕಿಸಿದರು.
ಬಾಳ್ಳುಪೇಟೆಯ ಹೋಟೆಲ್ ಮುಂದಿನ ಒಂದು ಬೇಲಿಯನ್ನು ಮಾತ್ರ ಲಾರಿ ಡ್ರೈವರುಗಳು ಕೀಳಲು ಬಿಡಲಿಲ್ಲ. ಆ ಗೂಟಗಳು ಬೆಳೆದು, ಒಂದಕ್ಕೊಂದು ಅಂಟಿ, ದೊಡ್ಡ ಮರವೇ ಆಯಿತು. ಅದರ ನೆರಳಲ್ಲಿ ಎಷ್ಟು ಡ್ರೈವರುಗಳು ಮಲಗಿ ಎದ್ದರೋ...

ಹಮೀದಾ...
ರಸ್ತೆ ಅಗಲ ಮಾಡುವಾಗ ಆ ಮರ ಕಡಿದ ದಿನ ನೀನು ಅತ್ತಿದ್ದೆ. ಒಂದು ಕೊಂಬೆ ಹೊತ್ತುಕೊಂಡು ಹೋಗಿ ನಿನ್ನ ಹಿತ್ತಲಲ್ಲಿ ನೀನೇ ನೆಟ್ಟೆ. ಅದು ಬದುಕಿತು.
ಕಳೆದ ವರ್ಷ ಅದರ ಕೆಳಗೆ ಕೂತು ಏನಂದೆ, ನೆನಪಿದೆಯಾ?
"ಗೋರಿ ಮೇಲೆ ತಲೆ ಕಡೆ ಒಂದು ಹಸಿರು ಕೊಂಬೆ ನೆಡ್ತಾರೆ ನಮ್ಮಲ್ಲಿ. ನಂಗೆ ಇದ್ರದ್ದೇ ಕೊಂಬೆ ಕಣೋ. ನೆಡೋದು ಮಾತ್ರ ನೀನೇ. ನಮ್ಮ ಹುಡುಗ್ರಿಗೆ ಬುಡ ತುದಿ ಗೊತ್ತಿಲ್ಲ."
ಆಯ್ತು ಕಣೋ ಅಂದಿದ್ದೆ ನಾನು... ನಗುತ್ತಾ...

ನಿನ್ನೆ ಇಲ್ಲಿಯ ಬೀಚ್ ರಸ್ತೆಯಲ್ಲಿ ಹೊಸದಾಗಿ ನೆಟ್ಟ ಗಿಡಗಳ ಫೋಟೋ ಕಳಿಸಿದ್ದೆ. ಸುತ್ತ ಕಬ್ಬಿಣದ ಬೇಲಿ.
ನಿನ್ನ ವಾಯ್ಸ್ ಮೆಸೇಜು ಬಂತು, "ಈ ಬೇಲಿ ಚಿಗುರಲ್ಲ ಬಿಡೋ ಮಾರಾಯ. ಸಮುದ್ರ ನೋಡಿದ್ದು ಸಾಕು, ಊರಿಗೆ ಬಾ."
ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಿದ್ದೇನೆ...

ಈಗ ತಾನೇ ರಫೀಕ್ ಮತ್ತೆ ಫೋನ್ ಮಾಡಿದ.
"ಮಣ್ಣು ಆಯ್ತು ಮಾಮ. ಹಿತ್ಲು ಮರದ್ದೇ ಕೊಂಬೆ ನೆಟ್ವಿ."
ಎದೆ ಹಗುರಾಯಿತು. ಆಮೇಲೆ ಬಾಯಿಗೆ ಬಂದೇಬಿಟ್ಟಿತು...
"ಬುಡ ಕೆಳಗೈತೇನೋ ರಫೀಕಾ?"
"ಗೊತ್ತಾಗ್ಲಿಲ್ಲ ಮಾಮ... ಮಳೆ ಹುಯ್ತಿತ್ತು. ಯಾರೋ ಕಡ್ಕೊಟ್ರು, ಯಾರೋ ನೆಟ್ರು. ಎರಡೂ ಕಡೆ ಒಂದೇ ಥರ ಇತ್ತು."

ಏನು ಹೇಳಲಿ ಆ ಮಗುವಿಗೆ? ಅಪ್ಪನನ್ನು ಮಣ್ಣಿಗಿಟ್ಟು ಬಂದವನಿಗೆ, ಹೋಗಿ ಕಿತ್ತು ನೋಡು ಅನ್ನಲಾ?
"ಪರವಾಗಿಲ್ಲ ಕಣಪ್ಪ, ಊಟ ಮಾಡು" ಅಂದು ಇಟ್ಟುಬಿಟ್ಟೆ.

ಇಲ್ಲೂ ಮಳೆ ಸುರಿಯುತ್ತಿದೆ...
ಅಲ್ಲಿ ನಿನ್ನ ತಲೆಯ ಹತ್ತಿರ ಆ ಕೊಂಬೆ ಬೇರು ಬಿಡುತ್ತೋ, ಕೊಳೆಯುತ್ತೋ...
ನನಗೆ ಗೊತ್ತಿಲ್ಲ ಹಮೀದಾ.
ರಸ್ತೆ ಬಿಟ್ಟ ದಿನ ಬರುತ್ತೇನೆ. ಚಿಗುರಿದ್ದರೆ ಪಕ್ಕದಲ್ಲಿ ಕೂರುತ್ತೇನೆ. ಇಲ್ಲದಿದ್ದರೆ ಹಿತ್ತಲಿಗೆ ಹೋಗಿ ಇನ್ನೊಂದು ಕಡಿದು ತರುತ್ತೇನೆ... ಬುಡ ನೋಡಿಕೊಂಡೇ.

ಅಲ್ಲಿಯವರೆಗೆ ಬೈಯದೆ ಮಲಗು ಗೆಳೆಯಾ...
ಊರಿಗೆಲ್ಲ ನೆರಳು ಮಾಡಿದ ನಿನ್ನ ಜೀವಕ್ಕೆ ತಂಪು ಸಿಗಲಿ.