ಅರವತ್ತೊಂದು ಜನರ ಕೈಯಲ್ಲಿದ್ದ ಗುರುವಾರ

ಆ ಗುರುವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಚೀಲ ಸಿದ್ಧವಿತ್ತು. ಕುದಿಸಿ ಆರಿಸಿದ ಇಕ್ಕಳ, ಗಾಜ್ ಬಟ್ಟೆಯ ಪೊಟ್ಟಣ, ಉಪ್ಪುನೀರಿನ ಬಾಟಲಿ, ಕೈಗವಸು, ಅಂಟುಪಟ್ಟಿ. ಎಣಿಸಿ ಇಟ್ಟದ್ದನ್ನು ಇನ್ನೊಮ್ಮೆ ಎಣಿಸಿದೆ. ಆಮೇಲೆ ಎಂದಿನಂತೆ ಫೋನಿನಲ್ಲಿ ಕ್ಯಾಲೆಂಡರ್ ತೆರೆದೆ. ‘ತುರೋರಿ, ಹತ್ತು ಗಂಟೆ, ಗಾಯದ ಪಟ್ಟಿ’ ಎಂದು ನಾನೇ ಬರೆದಿದ್ದ ಸಾಲು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ‘ಉದಗೀರ, ಕುಬಸದ ತಯಾರಿ, ನಾಲ್ಕು ದಿನ’ ಎಂದಿತ್ತು. ಅದನ್ನು ನಾನು ಬರೆದಿರಲಿಲ್ಲ.

ನಾನು ಮೂವತ್ತಮೂರು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದವಳು. ಐದಕ್ಕೆ ಏಳುವುದು, ಆರರೊಳಗೆ ಸ್ನಾನ, ಲಿಂಗಪೂಜೆ, ಏಳಕ್ಕೆ ರೊಟ್ಟಿ. ನಿವೃತ್ತಿಯಾಗಿ ಎಂಟು ವರ್ಷವಾದರೂ ಇದು ತಪ್ಪಿಲ್ಲ; ಗಂಡ ತೀರಿಕೊಂಡ ವರ್ಷವೂ ತಪ್ಪಲಿಲ್ಲ. ನಮ್ಮ ವಾರ್ಡಿನ ಗೋಡೆಯ ಮೇಲೆ ಡ್ಯೂಟಿ ಪಟ್ಟಿ ಇರುತ್ತಿತ್ತು. ಅದನ್ನು ಓದುವ ಹಕ್ಕು ಕಸ ಗುಡಿಸುವವರಿಂದ ಡಾಕ್ಟರರವರೆಗೆ ಎಲ್ಲರಿಗೂ ಇತ್ತು. ಅದರ ಮೇಲೆ ಪೆನ್ನು ಆಡಿಸುವ ಹಕ್ಕು ಮಾತ್ರ ಒಬ್ಬಳಿಗೆ. ಕೊನೆಯ ಹನ್ನೊಂದು ವರ್ಷ ಆ ಪೆನ್ನು ನನ್ನ ಜೇಬಿನಲ್ಲಿತ್ತು.

ಆನ್‌ಲೈನ್ ಕ್ಯಾಲೆಂಡರ್ ನನಗೆ ಬಂದದ್ದು ಸೊಸೆಯಿಂದ. ಅವಳು ನಿಲಂಗಾದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಕೋರ್ಟಿನ ಮುಂದಿನ ತಾರೀಖುಗಳನ್ನು ತೆಗೆದುಕೊಂಡು ಕಚೇರಿಯ ಎಲ್ಲರ ಕ್ಯಾಲೆಂಡರಿಗೂ ತಾನಾಗಿಯೇ ತಲುಪಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ದೀಪಾವಳಿಗೆ ಬಂದಾಗ ಅದೇ ಪ್ರೋಗ್ರಾಮನ್ನು ಮನೆತನಕ್ಕೂ ಹೊಂದಿಸುತ್ತೇನೆ ಎಂದಳು. ಯಾರ ಮನೆಯಲ್ಲಿ ಯಾವ ಕಾರ್ಯ, ಯಾರು ಯಾವ ಊರಲ್ಲಿ, ಎಲ್ಲವೂ ಎಲ್ಲರಿಗೂ ಗೊತ್ತಾಗುತ್ತದೆ ಎಂದಳು. ಅಚ್ಚುಕಟ್ಟು ಎಂದರೆ ನನಗೆ ಮೊದಲಿನಿಂದಲೂ ಆಸೆ. ಫೋನಿನಲ್ಲಿ ‘ಒಪ್ಪಿಗೆ’ ಎಂಬುದನ್ನು ನಾನೇ ಒತ್ತಿದೆ. ಏನಕ್ಕೆ ಒಪ್ಪಿದೆ ಎಂದು ಓದಲಿಲ್ಲ. ಕಾಗದ ಓದದೆ ಸಹಿ ಹಾಕಿದ ಎಷ್ಟೋ ಹುಡುಗಿಯರನ್ನು ವಾರ್ಡಿನಲ್ಲಿ ಬೈದವಳು ನಾನು.

ತುರೋರಿಯ ಗಾಯ ಚಳಿಗಾಲದ್ದು. ಹೆದ್ದಾರಿಯ ಪಕ್ಕದಲ್ಲಿ ಚಹಾ, ಭಜಿಯ ಅಂಗಡಿ ಇಟ್ಟುಕೊಂಡಿರುವ ಹೆಂಗಸೊಬ್ಬಳು ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳು ಕಳೆದುಕೊಂಡಿದ್ದಳು. ನಮ್ಮೂರು ಉಮರ್ಗಾದ ಡಾಕ್ಟರು ನನ್ನ ಹಳೆಯ ಪರಿಚಯದವರು. ದಿನಾ ಮೇಲಿನ ಬಟ್ಟೆಯನ್ನು ಅವಳೇ ಬದಲಿಸಿಕೊಳ್ಳಲಿ, ಆದರೆ ವಾರಕ್ಕೆ ಎರಡು ಸಲ ತಿಳಿದವರ ಕೈಯಿಂದ ಒಳಗಿನ ಗಾಯ ತೊಳೆಯಲೇಬೇಕು, ತಪ್ಪಿದರೆ ಮುಂದಿನ ಸಲ ಪಾದವನ್ನೇ ತೆಗೆಯಬೇಕಾದೀತು ಎಂದಿದ್ದರು. ವಾರಕ್ಕೆರಡು ಸಲ ಉಮರ್ಗಾಕ್ಕೆ ಬಂದು ಸಾಲಿನಲ್ಲಿ ಕುಳಿತರೆ ಅಂಗಡಿ ಮುಚ್ಚಬೇಕು. ಅಂಗಡಿ ಮುಚ್ಚಿದರೆ ಅವಳ ಒಲೆ ಹತ್ತುವುದಿಲ್ಲ. ಸೋಮವಾರ, ಗುರುವಾರ ನಾನು ಬರುತ್ತೇನೆ ಎಂದು ಮಾತು ಕೊಟ್ಟೆ. ಕ್ಯಾಲೆಂಡರಿನಲ್ಲಿ ಬರೆದೆ.

ಕುಬಸದ ಸಾಲು ಕಂಡ ಆ ಗುರುವಾರಕ್ಕೆ ಮೂರು ವಾರ ಮೊದಲು ಇನ್ನೊಂದು ಗುರುವಾರದ ಸಾಲು ಶುಕ್ರವಾರಕ್ಕೆ ಸರಿದಿತ್ತು. ಗುರುವಾರದಲ್ಲಿ ‘ಉದಗೀರ, ಸೀರೆ ಆರಿಸುವುದು’ ಎಂದು ಇತ್ತು. ನಾನೇ ಬದಲಿಸಿ ಮರೆತಿರಬೇಕು, ವಯಸ್ಸಾಯಿತು ಎಂದುಕೊಂಡು ಉದಗೀರಕ್ಕೆ ಹೋದೆ. ಬರೆದದ್ದನ್ನು ಮಾಡು ಎಂದು ಕಲಿತ ಮೈ ಅದು. ಶುಕ್ರವಾರ ತುರೋರಿಗೆ ಹೋದಾಗ ಗಾಜ್ ಬಟ್ಟೆ ಮಾಂಸಕ್ಕೆ ಅಂಟಿಕೊಂಡಿತ್ತು. ಬಿಡಿಸುವಾಗ ವಾಸನೆ ಬಂತು. ಅವಳು ಕಡಾಯಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:

“ನಿನ್ನಿ ಹತ್ತಕ್ಕ ಮ್ಯಾಲಿನ ಪಟ್ಟಿ ಬಿಚ್ಚಿ ಕುಂತಿದ್ದೆರೀ. ನೀವು ಅಂದ್ರ ಗಡಿಯಾರ ಅಂತ ತಿಳದಿದ್ದೆ.”

ಒಳಗಿನ ಗಾಯವನ್ನು ಎರಡು ಸಲ ತೊಳೆದೆ.

ಮನೆಗೆ ಬಂದು ಫೋನನ್ನು ಜಾಲಾಡಿದೆ. ಯಾವ ಸಾಲನ್ನು ಕೊನೆಗೆ ಬದಲಿಸಿದವರು ಯಾರು ಎಂದು ಅದು ತೋರಿಸುತ್ತದೆ. ಬದಲಿಸಿದವರು ನನ್ನ ಗಂಡನ ಅಣ್ಣ, ಉದಗೀರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಭಾವ. ಅವರ ಮೊಮ್ಮಗಳು ಏಳು ತಿಂಗಳ ಬಸುರಿ, ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಗಡಿಬಿಡಿ. ಹಂಚಿಕೆಯ ಪುಟಕ್ಕೆ ಹೋಗಿ ಅವರ ಅನುಮತಿಯನ್ನು ‘ತಿದ್ದಬಹುದು’ ಎಂಬುದರಿಂದ ‘ನೋಡಬಹುದು’ ಎಂಬುದಕ್ಕೆ ಇಳಿಸಿದೆ. ನೆಮ್ಮದಿಯಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ‘ತಿದ್ದಬಹುದು’. ಮತ್ತೆ ಇಳಿಸಿದೆ, ಮತ್ತೆ ಏರಿತು. ನಾಲ್ಕು ದಿನ ಹೀಗೇ ನಡೆಯಿತು. ಯಾರೋ ಪ್ರತಿ ಮುಂಜಾನೆ ನನ್ನ ಬೀಗವನ್ನು ತೆಗೆದು ಹೋಗುತ್ತಿದ್ದರು. ಅಲ್ಲಿಂದ ನಾನು ಸೋಮವಾರ, ಗುರುವಾರಗಳನ್ನು ಗೋಡೆಯ ಮೇಲಿನ ಕಾಗದದಲ್ಲೂ ಬರೆಯತೊಡಗಿದೆ.

ಆದ್ದರಿಂದಲೇ ಈ ಗುರುವಾರ ನಾನು ಮೋಸಹೋಗಲಿಲ್ಲ. ಮೊದಲು ತುರೋರಿಗೆ ಹೋಗಿ ಗಾಯ ತೊಳೆದೆ. ಅಂಚಿನಲ್ಲಿ ಕೆಂಪು ಕಾಳಿನಂತೆ ಹೊಸ ಮಾಂಸ ಕಾಣುತ್ತಿತ್ತು. ಅದೇ ಕೈಯಲ್ಲಿ ಚೀಲ ಹಿಡಿದು ನಿಲಂಗಾದ ಬಸ್ಸು ಹತ್ತಿದೆ. ಉದಗೀರಕ್ಕಲ್ಲ, ಸೊಸೆಯ ಹತ್ತಿರ.

ಸೊಸೆ ಊಟಕ್ಕೆ ಮನೆಗೆ ಬಂದಿದ್ದಳು. ಫೋನನ್ನು ಅವಳ ತಾಟಿನ ಪಕ್ಕದಲ್ಲಿಟ್ಟೆ. ಅವಳು ಲ್ಯಾಪ್‌ಟಾಪ್ ತೆರೆದು ಪಟ್ಟಿ ತೋರಿಸಿದಳು. ನನ್ನ ದಿನಗಳನ್ನು ತಿದ್ದುವ ಅನುಮತಿ ಅರವತ್ತೊಂದು ಜನಕ್ಕಿತ್ತು. ಪ್ರೋಗ್ರಾಮು ಪ್ರತಿದಿನ ಬೆಳಗಿನ ಜಾವ ಒಂದು ಪಟ್ಟಿಯನ್ನು ಓದಿ, ಅದರಲ್ಲಿದ್ದವರಿಗೆಲ್ಲ ಅನುಮತಿಯನ್ನು ಹೊಸದಾಗಿ ಬರೆಯುತ್ತಿತ್ತು. ನಾನು ಕೈಯಿಂದ ತೆಗೆದದ್ದನ್ನು ಅದು ತಪ್ಪೆಂದು ತಿಳಿದು ಸರಿಮಾಡುತ್ತಿತ್ತು.

ಆ ಪಟ್ಟಿ ನಮ್ಮ ಭಾವಕಿಯದು. ಒಂದೇ ಮೂಲದಿಂದ ಒಡೆದ ಮನೆಗಳ ಬಳಗವನ್ನು ನಮ್ಮಲ್ಲಿ ಭಾವಕಿ ಎನ್ನುತ್ತಾರೆ. ಸಾವಿರಲಿ, ಕುಬಸವಿರಲಿ, ಸುದ್ದಿ ಎಲ್ಲ ಮನೆಗೂ ಒಂದೇ ರೀತಿ ಮುಟ್ಟಬೇಕು. ಒಂದು ಮನೆಗೆ ಮುಟ್ಟದಿದ್ದರೆ ಮೂರು ತಲೆಮಾರು ಆ ಮಾತು ಉಳಿಯುತ್ತದೆ. ಸೊಸೆ ಆ ಭಯದಲ್ಲೇ ಪ್ರೋಗ್ರಾಮು ಬರೆದಿದ್ದಳು.

“ಒಬ್ಬರಿಗೆ ನೋಡೂದು, ಒಬ್ಬರಿಗೆ ತಿದ್ದೂದು ಅಂತ ಮಾಡಿದ್ರ ಯಾರು ಮ್ಯಾಲ, ಯಾರು ಕೆಳಗ ಅಂತ ಜಗಳ ಹತ್ತತದರಿ ಅತ್ತಿ,” ಎಂದಳು. “ಅದಕ್ಕ ಎಲ್ಲಾರಿಗೂ ತಿದ್ದೂದೇ ಕೊಟ್ಟೆ.”

“ನಿಮ್ಮ ವಕೀಲರ ಡೈರಿನೂ ಅರವತ್ತೊಂದು ಮಂದಿಗಿ ಕೊಟ್ಟೀಯೇನು?”

“ಕೊಟ್ಟಿದ್ರ ನನ್ನ ನೌಕರಿ ಉಳೀತಿತ್ತೇನರಿ?”

“ಅಂದ್ರ ಅವರದು ಕೆಲಸ, ನಂದು ಖಾಲಿ ಜಾಗಾ.”

ಅವಳು ತಲೆ ತಗ್ಗಿಸಿದಳು. ಒಳ್ಳೆಯ ಹುಡುಗಿ, ತಪ್ಪು ಕಂಡರೆ ವಾದಿಸುವುದಿಲ್ಲ. ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ತಾವೇ ತೆಗೆದದ್ದು ಎಂದರು. ಬಳಗದಲ್ಲಿ ದಾದಿಯಾದವಳು ನಾನೊಬ್ಬಳೇ, ಬಸುರಿಯ ಹತ್ತಿರ ನಾಲ್ಕು ದಿನ ನಾನಿದ್ದರೆ ಎಲ್ಲರಿಗೂ ಧೈರ್ಯ ಎಂದರು. ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ, ಅವಳ ಡಾಕ್ಟರು ಮನೆಯಿಂದ ಎರಡು ಓಣಿಯಾಚೆ ಇದ್ದಾರೆ ಎಂದು ನಾನು ನೆನಪಿಸಿದೆ. ಆಗ ಅವರು ದನಿ ಬದಲಿಸಿದರು.

“ನಮ್ಮ ಮನಿ ಕುಬಸಕಿಂತ ಆ ಚಹಾದಂಗಡಿಯಾಕಿ ಕಾಲು ದೊಡ್ಡದಾತೇನ್ರಿ, ಸಿಸ್ಟರಬಾಯಿ?”

“ಕುಬಸ ಒಂದಿನ ತಡಾ ಆದ್ರ ಸೀರಿ ಹಳೀದಾಗಂಗಿಲ್ಲ, ಭಾವಾ. ಪಟ್ಟಿ ಒಂದಿನ ತಡಾ ಆದ್ರ ಕಾಲು ಹೋಗತದ.”

ಫೋನ್ ಇಟ್ಟು ಸೊಸೆಗೆ ಹೇಳಿದೆ: ಪಟ್ಟಿಯಲ್ಲ, ಪಟ್ಟಿಯ ನಿಯಮವನ್ನೇ ಬದಲಿಸು. ಅರವತ್ತೊಂದು ಜನಕ್ಕೂ ನನ್ನ ದಿನದಲ್ಲಿ ಬಿಡುವಿದೆಯೋ ಇಲ್ಲವೋ ಎಂಬುದಷ್ಟೇ ಕಾಣಲಿ. ಏನು ಕೆಲಸ, ಎಲ್ಲಿ, ಯಾರದು ಎಂಬುದು ಬೇಡ. ಮಗನಿಗೆ, ಅವಳಿಗೆ ಮಾತ್ರ ವಿವರ ಕಾಣಲಿ, ನಾನು ಬಿದ್ದರೆ ಹುಡುಕಲಿಕ್ಕೆ. ತಿದ್ದುವ ಹಕ್ಕು ನನ್ನೊಬ್ಬಳಿಗೆ.

ಅವಳ ಬೆರಳುಗಳು ಚುರುಕಾಗಿದ್ದವು. ಹತ್ತು ನಿಮಿಷದಲ್ಲಿ ಮುಗಿಸಿದಳು. ಆದರೆ ಕೊನೆಯ ಗುಂಡಿ ಒತ್ತುವ ಮುಂಚೆ ನಿಂತಳು. ಅನುಮತಿ ಇಳಿಸಿದರೆ ಒಬ್ಬೊಬ್ಬರಿಗೂ ಒಂದು ಸೂಚನೆ ಹೋಗುತ್ತದೆ, ಹೋಗದಂತೆಯೂ ಮಾಡಬಹುದು. ಸುಮ್ಮನೆ ಇಳಿಸಿಬಿಡೋಣ, ಎಷ್ಟೋ ಜನ ಅದನ್ನು ತೆರೆದೇ ನೋಡಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು.

ನಾನು ಒಂದು ಕ್ಷಣ ಯೋಚಿಸಿದೆ. ವಾರ್ಡಿನಲ್ಲಿ ಯಾರ ಡ್ಯೂಟಿ ಬದಲಿಸಿದರೂ ಗೋಡೆಯ ಮೇಲೆ ಹಚ್ಚಿಯೇ ಬದಲಿಸಿದವಳು ನಾನು. ಬೆನ್ನ ಹಿಂದೆ ನನ್ನ ಗುರುವಾರವನ್ನು ಅಳಿಸಿದರು ಎಂದೇ ಅಲ್ಲವೆ ನನಗೆ ಸಿಟ್ಟು? ನಾನೂ ಬೆನ್ನ ಹಿಂದೆ ಮಾಡಲೇ?

“ಹೋಗಲಿ ಸೂಚನಾ,” ಎಂದೆ. “ಅರವತ್ತೊಂದಕ್ಕೂ ಹೋಗಲಿ.”

“ಬಿರಿಸಾಗತದರಿ, ಮಂದಿಗಿ ನೋವಾಗತದ.”

“ಆಗಲಿ.”

ಅವಳು ಒತ್ತಿದಳು. ಆ ಮಧ್ಯಾಹ್ನದಿಂದ ಫೋನು ಬಡಿದುಕೊಳ್ಳತೊಡಗಿತು. ಮುರುಮ ಊರಿನ ಕಕ್ಕ ತಾವು ಏನು ತಪ್ಪು ಮಾಡಿದೆವು ಎಂದು ಕೇಳಿದರು. ಏನೂ ಇಲ್ಲ, ನೀವು ತಪ್ಪು ಮಾಡದಂತೆ ಮಾಡಿದ್ದೇನೆ ಎಂದೆ. ನಾದಿನಿಯೊಬ್ಬಳು ಮನೆತನ ಒಡೆದೆ ಎಂದಳು. ಅವಳ ಮನೆ ಬಾಗಿಲಿಗೆ ಚಿಲಕವಿದೆಯೇ ಎಂದು ವಿಚಾರಿಸಿದೆ, ಫೋನ್ ಇಟ್ಟಳು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ನಾನು ಬರಬೇಕಿದ್ದರೆ ನನ್ನನ್ನು ಕೇಳಿ. ಅರವತ್ತೊಂದು ಜನಕ್ಕೆ ಒಮ್ಮೆಲೆ ಸೂಚನೆ ಹೋದದ್ದರಿಂದ ಒಂದು ಲಾಭವೂ ಆಯಿತು. ಯಾರೂ ಮೇಲಾಗಲಿಲ್ಲ, ಯಾರೂ ಕೆಳಗಾಗಲಿಲ್ಲ.

ಕುಬಸ ಭಾನುವಾರ ಇತ್ತು. ಹತ್ತಕ್ಕೆ ಉದಗೀರ ತಲುಪಿದೆ, ನಾಲ್ಕರ ಬಸ್ಸಿಗೆ ಹೊರಡುವೆನೆಂದು ಮೊದಲೇ ಹೇಳಿದೆ. ಹುಡುಗಿಯ ರಕ್ತದೊತ್ತಡ ನೋಡಿದೆ, ಚೆನ್ನಾಗಿತ್ತು. ಊಟದ ಪಂಕ್ತಿಯಲ್ಲಿ ಭಾವ ಎಲ್ಲರಿಗೂ ಕೇಳುವಂತೆ ಹೋಳಿಗೆ ಬಡಿಸುವವಳಿಗೆ ಹೇಳಿದರು:

“ಸಿಸ್ಟರಬಾಯಿಗಿ ಬಡಿಸೂ ಮುಂದ ಅನುಮತಿ ತಗೋರಿ.”

ಪಂಕ್ತಿ ನಕ್ಕಿತು. “ಹಾಕ್ಲೇನ್ರಿ?” ಎಂದು ಅವಳು ನನ್ನನ್ನು ಕೇಳಿದಳು. ನಾನೂ ನಕ್ಕೆ. “ಕೇಳಿದಿ, ಛಲೋ ಮಾಡಿದಿ,” ಎಂದು ಬಡಿಸುವವಳಿಗೆ ಹೇಳಿದೆ. “ಎರಡು ಹಾಕು.”

ಡಾಕ್ಟರು ಗಾಯ ನೋಡಿ ಇನ್ನೂ ಆರು ವಾರ ಎಂದರು. ಆರು ಸೋಮವಾರ, ಆರು ಗುರುವಾರ ಬರೆದೆ. ಇಂದಿಗೆ ನಾಲ್ಕನೆಯ ವಾರ. ಒಂದು ಸಾಲೂ ಅಲುಗಿಲ್ಲ. ಹೋದ ವಾರ ಭಾವ ತಾವಾಗಿ ಫೋನ್ ಮಾಡಿದರು. ಅಂಗಡಿಗೆ ಹೊಸ ಮಾಳಿಗೆ ಏರಿಸಿದ್ದಾರೆ, ಬರುವ ಗುರುವಾರ ಸ್ವಾಮಿಗಳನ್ನು ಕರೆಸಿ ಪೂಜೆ. ಹಿರಿಯರ ಪೈಕಿ ನಾನಿರಬೇಕು.

“ಆದ್ರ ಅವತ್ತ ನಿಮ್ಮಲ್ಲಿ ಬರೇ ಬಿಡುವಿಲ್ಲ ಅಂತ ಕಾಣಸಲಿಕತ್ತದ,” ಎಂದರು. “ಏನದ ಅವತ್ತ?”

“ಬಿಡುವಿಲ್ಲ, ಭಾವಾ.”

ಅವರ ಹಿಂದೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿಯುವ ಸದ್ದು ಕೇಳಿತು.

“ಶುಕ್ರವಾರ ಅಂದ್ರ?”

“ಶುಕ್ರವಾರ ಖಾಲಿ ಅದ. ಎಷ್ಟಕ್ಕ ಅಂತ ಹೇಳ್ರಿ, ನಾ ಬರಕೋತೀನಿ.”

ಹನ್ನೊಂದಕ್ಕೆ ಎಂದರು. ಬರೆದುಕೊಂಡೆ.