ಚಪ್ಪೆ ಎಂದದ್ದಕ್ಕೆ

‘ಚಪ್ಪೆ’ ಎಂಬ ಮಾತಿನಿಂದ ನಾನು ಗಳಿಸಿದ್ದು ಒಂದು ಮೀನಿನ ಲಾರಿ, ಬೀಜಾಡಿಯಲ್ಲೊಂದು ತಾರಸಿ ಮನೆ. ಕಳೆದುಕೊಂಡದ್ದು ಹೆಂಡತಿ ಕೈಯ ಅಡುಗೆ. ಕಾರಣ ಇಷ್ಟೇ: ಬಂದರಿನ ಮಾತನ್ನು ಬಂದರಿನಲ್ಲೇ ಬಿಟ್ಟು ಬರಲಿಲ್ಲ.

ಘಟ್ಟದ ಮೇಲಿನವರು ಸಪ್ಪೆ ಎನ್ನುವುದನ್ನು ನಾವು ಚಪ್ಪೆ ಎನ್ನುತ್ತೇವೆ. ಉಪ್ಪು ಸಾಲದ ಸಾರು ಚಪ್ಪೆ, ಸಕ್ಕರೆ ಸಾಲದ ಚಾ ಚಪ್ಪೆ, ರಂಗೇರದ ಆಟವೂ ಚಪ್ಪೆ. ಮಂಜುಗಡ್ಡೆಯಲ್ಲಿ ಮೂರು ದಿನ ಕಳೆದ ಬಂಗುಡೆಯೂ ಚಪ್ಪೆಯೇ. ಮೀನು ಕೊಂಡು ಮಾರುವ ನಾನಾದರೋ ಆಗಷ್ಟೇ ದೋಣಿಯಿಂದ ಇಳಿದ ಮೀನನ್ನೂ ಒತ್ತಿ ನೋಡಿ, ಮೂಗು ಮುರಿದು, ‘ಚಪ್ಪೆ ಮಾರಾಯ್ರೆ’ ಎನ್ನುತ್ತಿದ್ದೆ. ಮೆಚ್ಚಿದವನಿಗೆ ಯಾರೂ ದರ ಇಳಿಸುವುದಿಲ್ಲ.

ಅದೇ ನಾಲಗೆ ಹೊತ್ತು ಮಧ್ಯಾಹ್ನ ಊಟಕ್ಕೆ ಕೂರುತ್ತಿದ್ದೆ.

“ಹ್ವಾಯ್, ಸಾರ್ ಹ್ಯಾಂಗಾಯ್ತ್?” ಎಂದು ಹೆಂಡತಿ ಕೇಳುವಳು.

“ಚಪ್ಪೆ.”

“ಚಪ್ಪೆ ಅಂಬ್ರ್, ಮೂರ್ ಸಲ ಬಡ್ಸ್ಕಂಬ್ರ್! ನಾನೆಂತ ಮೀನ್ ಬುಟ್ಟಿ ಹೊತ್ಕಂಡ್ ಬಂದದ್ದಾ?” ಎಂದು ನಗುವಳು. ವರ್ಷಗಟ್ಟಲೆ ಹೀಗೇ ನಡೆಯಿತು.

ಹೋದ ವರ್ಷ ಅವಳ ಗಂಟಲಿನ ಗಡ್ಡೆಗೆ ಆಸ್ಪತ್ರೆಯಲ್ಲಿ, ಡಾಕ್ಟರು ರೇಡಿಯೇಶನ್ ಎನ್ನುವ, ಕರೆಂಟು ಕೊಡಿಸಿದೆವು. ಮನೆಗೆ ಬಂದು ತಿಂಗಳಾದ ಮೇಲೆ, ಬೇಡವೆಂದರೂ ಕೇಳದೆ, ಒಲೆಯ ಮುಂದೆ ನಿಂತು ಬಂಗುಡೆ ಸಾರು ಮಾಡಿದಳು. ಬಡಿಸಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಸಾರು ಹದವಾಗಿತ್ತು. ನನ್ನ ಬಾಯಿ ಮಾತ್ರ ತನ್ನಷ್ಟಕ್ಕೆ ‘ಚಪ್ಪೆ’ ಎಂದಿತು.

ಅವಳು ನಗಲಿಲ್ಲ. ಉಪ್ಪಿನ ಭರಣಿ ತಂದಳು.

“ಎಷ್ಟ್ ಹಾಕ್ಲಿ? ಕರೆಂಟ್ ಕೊಟ್ಟ್ ಮೇಲೆ ನಂಗೆ ನಾಲ್ಗಿಗೆ ರುಚಿ ಎಂತದೂ ಗೊತ್ತಾತಿಲ್ಲೆ. ಅಂದಾಜಿಗೆ ಹಾಕದ್ದ್.”

“ತಮಾಷಿ ಮಾಡ್ದೆ ಮಾರಾಯ್ತಿ, ಲಾಯ್ಕಿತ್ತ್.”

“ಇಷ್ಟ್ ವರ್ಷ ಲಾಯ್ಕ್ ಅನ್ನದವ್ರ್ ಈಗ ಅಂತ್ರ್ಯಾ? ಸೀಕಿನವ್ಳ್ ಅಂದ್ಹೇಳಿ ದರ ಏರ್ಸ್‌ಬೇಡಿ.”

ಎರಡು ಸಲ ಬಡಿಸಿಕೊಂಡು ಉಂಡೆ. ಅವಳು ನಂಬಲಿಲ್ಲ. ಮಾರನೆಯ ದಿನ ಸೌಟು ಸೊಸೆಯ ಕೈಗೆ ಹೋಯಿತು. ಮತ್ತೆ ಅವಳು ಒಲೆಯ ಬಳಿ ಬರಲೇ ಇಲ್ಲ. ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿಯುವ ಮೊದಲೇ ತೀರಿಹೋದಳು.

ಈಗ ನನ್ನ ಮಾತು ಕೇಳಿ. ಮೀನಿನ ಬುಟ್ಟಿಯೆದುರು ಚಪ್ಪೆ ಎನ್ನಿ, ನಷ್ಟವಿಲ್ಲ. ಮನೆಯಲ್ಲಿ ಉಪ್ಪು ಕಡಿಮೆಯಾದರೆ ‘ಉಪ್ಪು ಕಡಿಮೆ’ ಎಂದಷ್ಟೇ ಹೇಳಿ. ಲಾಯ್ಕಾಗಿದ್ದರೆ ಮೊದಲ ತುತ್ತಿಗೇ ಹೇಳಿಬಿಡಿ, ಇವತ್ತೇ, ಅವರು ಗಟ್ಟಿಮುಟ್ಟಾಗಿರುವಾಗಲೇ. ಆಗ ಹೇಳಿದರೆ ನಂಬುತ್ತಾರೆ.